ಚೀಟಿ ಇಲ್ಲದಿದ್ದರೆ ತೊಳೆ

ವಿಶ್ವವಿದ್ಯಾಲಯದ ಒಂದು ಸಂಶೋಧನಾ ಕೇಂದ್ರದಲ್ಲಿ ಲೋಳೆ ಬೆಳೆಸುತ್ತಾರೆ. ಪೈಪಿಗೆ, ಹಲ್ಲಿಗೆ, ಹಡಗಿನ ತಳಕ್ಕೆ ಸೂಕ್ಷ್ಮಜೀವಿಗಳು ಒಟ್ಟಾಗಿ ಕಟ್ಟುವ ಲೋಳೆ; ಅದನ್ನು ತೆಗೆಯುವ ದಾರಿ ಹುಡುಕಲು. ಅಲ್ಲಿ ಈಗ ಎಲ್ಲರೂ ಅಕ್ಕ ಎಂದು ಕರೆಯುವ ಹೆಂಗಸಿಗೆ, ಗಾಜಿನ ಸಾಮಾನು ತೊಳೆಯಲು ಸೇರಿದ ಮೊದಲ ದಿನ, ಇದನ್ನು ಯಾರೂ ಹೇಳಿರಲಿಲ್ಲ. ಆರು ವಾರ ಬೆಳೆಸಿದ್ದನ್ನು ಆಕೆ ಅರ್ಧ ಗಂಟೆಯಲ್ಲಿ ಉಜ್ಜಿ ಫಳಫಳ ಹೊಳೆಸಿಟ್ಟಳು.

ಪ್ರೊಫೆಸರಮ್ಮ ಅದನ್ನು ನೋಡಿ ತಲೆಯ ಮೇಲೆ ಕೈ ಹೊತ್ತು ಕೂತರು. ಆಮೇಲೆ ಅಕ್ಕನನ್ನು ಕರೆದು ಕೇಳಿದರು.

"ನಮ್ಮ ಹುಡುಗ್ರು ಎಷ್ಟು ಮದ್ದು ಸುರಿದ್ರೂ ಇದು ಬಿಡಲ್ಲ. ನೀನೇನ್ ಮಾಡ್ದೆ?"

"ಬರೀ ಸುರಿದ್ರೆ ಜಗ್ಗುತ್ತಾ ಅಮ್ಮ? ಮೊದ್ಲು ಉಜ್ಜಿ ಪದರ ಬಿಡಿಸ್ಬೇಕು, ಆಮೇಲೆ ಮದ್ದು."

"ಇದನ್ನೇ ಹೇಳಿ ಹೇಳಿ ನನ್ನ ಗಂಟಲು ಒಣಗಿದೆ. ನಾಳೆ ನೀನೇ ಬಂದು ಅವರಿಗೆ ಹೇಳು!"

ಹದಿನಾರು ವರ್ಷವಾಯಿತು. ಹೊಸ ವಿದ್ಯಾರ್ಥಿಗಳಿಗೆ ಮೊದಲ ಪಾಠ ಇಂದಿಗೂ ಅಕ್ಕನದೇ, ತೊಳೆಯುವ ತೊಟ್ಟಿಯ ಮುಂದೆ. ಪ್ರಯೋಗದ ಸಾಮಾನಿಗೆ ಚೀಟಿ ಅಂಟಿಸಬೇಕು. ಅಂಟಿಸದಿದ್ದರೆ ಮುಲಾಜಿಲ್ಲ, ತೊಳೆದೇಬಿಡುತ್ತಾಳೆ.

ನಿನ್ನೆ ಮನೆಯಲ್ಲಿ ಸೊಸೆಯ ನೀರಿನ ಬಾಟಲಿಯೊಳಗೆ ಬೆರಳಾಡಿಸಿದಳು. ಲೋಳೆಗೆ ಬೆರಳು ಜಾರಿತು. ಬೈಯಲು ಬಾಯಿ ತೆರೆಯುವಷ್ಟರಲ್ಲಿ ತಳದಲ್ಲಿ ಅಂಟಿಸಿದ್ದ ಚೀಟಿ ಕಂಡಿತು: "ಅತ್ತೆ, ಪ್ರಯೋಗ ನಡೀತಿದೆ."

ಚಾಪೆ ಕೆಳಗೆ ತೂರಿದರೆ ರಂಗೋಲಿ ಕೆಳಗೆ ತೂರುವ ಸೊಸೆ! ಅಕ್ಕ ನಗು ತಡೆಯಲಾರದೆ ಬಾಟಲಿಯನ್ನು ಇದ್ದಲ್ಲೇ ಇಟ್ಟಳು. ಚೀಟಿ ಇದ್ದಮೇಲೆ ಮುಟ್ಟುವಂತಿಲ್ಲ.