ನಿದ್ದೆಯ ಪಿರಿಯಡ್ಡು

ಬೆಳಿಗ್ಗೆ ಮಾಳಿಗೆಯ ಮೇಲೆ ಜಮಖಾನ ಹಾಸಿದೆ. ಕೆಂಪು, ನೀಲಿ ಪಟ್ಟಿಗಳ ಹಳೆಯ ಜಮಖಾನ, ಶಾಲೆಯದು. ಬೇಸಿಗೆ ರಜೆಯಲ್ಲಿ ಇಲಿ ಕಡಿಯಬಾರದೆಂದು ಬಸವಕಲ್ಯಾಣದ ನಮ್ಮ ಮನೆಗೆ ತಂದಿಟ್ಟಿದ್ದೆ. ಎಳೆ ಬಿಸಿಲು ಬಿದ್ದದ್ದೇ ತಡ, ಧೂಳು, ಕೊಬ್ಬರಿ ಎಣ್ಣೆ, ಮಧ್ಯಾಹ್ನದ ಸಾರು ಎಲ್ಲದರ ವಾಸನೆ ಒಟ್ಟಿಗೇ ಎದ್ದಿತು. ನೀವಾದರೆ ಮೂಗು ಮುಚ್ಚಿಕೊಳ್ಳುತ್ತಿದ್ದಿರಿ. ನನಗೆ ಆಕಳಿಕೆ ಬಂತು.

ಹುಮನಾಬಾದಿನ ಹತ್ತಿರದ ಹಳ್ಳಿಯೊಂದರ ಸರ್ಕಾರಿ ಪ್ರೌಢಶಾಲೆಯಲ್ಲಿ ನಾನು ಗಣಿತದ ಮಾಸ್ತರ. ಹಳ್ಳಿಯ ಹೆಸರು ಬೇಡ, ಊರವರು ಜಗಳಕ್ಕೆ ಬಂದಾರು. ಆಗೆಲ್ಲ ಯಾರಾದರೂ ನಮ್ಮ ಫಲಿತಾಂಶದ ಮಾತೆತ್ತಿದರೆ ನಾವು ಚಹಾದ ಮಾತೆತ್ತುತ್ತಿದ್ದೆವು. ಮಕ್ಕಳು ಪಾಠದ ನಡುವೆ ತೂಕಡಿಸುತ್ತಿದ್ದರು. ಅದಕ್ಕೆ ನನ್ನ ಬಳಿ ಇದ್ದದ್ದು ಒಂದೇ ಮದ್ದು, ಪ್ರಾರ್ಥನೆಯಾದ ಮೇಲೆ ಶಿಸ್ತಿನ ಕುರಿತು ಭಾಷಣ. ಎಚ್ಚರವಾಗಿರಬೇಕೆಂದು ನಾನು ಎಷ್ಟು ವಿಸ್ತಾರವಾಗಿ ಹೇಳುತ್ತಿದ್ದೆನೆಂದರೆ, ಕೆಲವರು ನಿಂತಲ್ಲೇ ನಿದ್ದೆ ಹೋಗುತ್ತಿದ್ದರು.

ಆ ಕಾಲಕ್ಕೆ ಖಮರ್ ಮೇಡಂ ಮುಖ್ಯೋಪಾಧ್ಯಾಯಿನಿಯಾಗಿ ಬಂದರು. ಅವರೂ ಬಸವಕಲ್ಯಾಣದವರೇ, ನನ್ನ ಬಸ್ಸಿನಲ್ಲೇ ಬರುತ್ತಿದ್ದರು. ಕಿಟಕಿಯ ಪಕ್ಕ ಕೂತು ತೊಗರಿ ಹೊಲಗಳನ್ನು ನೋಡುತ್ತ ಒಂದು ಮಾತೂ ಆಡುತ್ತಿರಲಿಲ್ಲ. ಇವರಿಂದ ಏನಾದೀತು ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡಿದ್ದೆ.

ಒಂಬತ್ತನೆಯ ತರಗತಿಯಲ್ಲಿ ದುಬಲಗುಂಡಿಯ ಕಡೆಯಿಂದ ಬರುವ ಸುಜಾತಾ ಎಂಬ ಹುಡುಗಿ ಇದ್ದಳು. ನಿದ್ದೆಯಲ್ಲಿ ಎಲ್ಲರಿಗಿಂತ ಮುಂದೆ. ನಾನೇ ಅವಳ ತಂದೆ ಧೂಳಪ್ಪನನ್ನು ಕರೆಸಿದೆ. ಅವನು ಕೂಲಿ ಬಿಟ್ಟು ಬಂದಿದ್ದ.

"ನಸುಕಿನ್ಯಾಗ ಏಳ್ತಾಳ್ರಿ. ಅವರವ್ವಗ ಸೊಂಟನೋವು. ಎಮ್ಮಿ ಹಿಂಡಿ, ರೊಟ್ಟಿ ಬಡದು ಬಸ್ಸಿಗಿ ನಡೀತಾಳ," ಎಂದ. "ಮಕ್ಕೊಳ್ಳಾಕ ಇಷ್ಟು ದೂರ ಯಾಕ ಬರಬೇಕ್ರಿ? ಸಾಲಿ ಬಿಡಸ್ತೀನಿ."

ಸುಜಾತಾ ಬಾಗಿಲ ಬಳಿ ತಲೆ ತಗ್ಗಿಸಿ ನಿಂತಿದ್ದಳು. ಮೇಡಂ ಧೂಳಪ್ಪನ ಕಡೆ ತಿರುಗಿದರು. "ಹುಡುಗಿ ದಡ್ಡಿ ಅಲ್ಲ ಧೂಳಪ್ಪ, ನಿದ್ದಿಗೆಟ್ಟಾಳ. ಎಳ್ಳಮಾಸಿ ತನಕ ನನಗ ಬಿಟ್ಟುಕೊಡ್ರಿ. ಆಮ್ಯಾಲ ನಿಮ್ಮ ಮರ್ಜಿ."

ಮರುವಾರ ಬಸ್ಸಿನ ಮೇಲೆ ಮೇಡಂ ಮನೆಯ ಜಮಖಾನ ಬಂತು. ಊಟವಾದ ಮೇಲೆ ಅರ್ಧ ತಾಸು ಇಡೀ ಶಾಲೆ ಮಲಗಬೇಕು ಎಂದರು. ಹುಡುಗಿಯರು ದೊಡ್ಡ ಕೋಣೆಯಲ್ಲಿ ಜಮಖಾನದ ಮೇಲೆ, ಹುಡುಗರು ವರಾಂಡದಲ್ಲಿ ಚಾಪೆಗಳ ಮೇಲೆ.

"ಮೇಡಂ, ಇದು ಸಾಲೀನೋ ಧರ್ಮಶಾಲೀನೋ?" ಎಂದೆ.

"ಧರ್ಮಶಾಲೀನ ಅನ್ಕೊಳ್ರಿ ಸರ್, ಬಾಡಿಗಿ ಇಲ್ಲ."

"ಅರ್ಧ ತಾಸು ಎಲ್ಲಿಂದ ತರ್ತೀರಿ?"

"ನಿಮ್ಮ ಭಾಷಣದಾಗಿಂದ ತಗೊಂಡೀನ್ರಿ."

ಆ ಅರ್ಧ ತಾಸನ್ನು ನಿಮಗೆ ಹೇಗೆ ವರ್ಣಿಸಲಿ? ಬೇವಿನ ನೆರಳು ಕಿಟಕಿಯಿಂದ ಇಳಿದು ಮಲಗಿದವರ ಲಂಗಗಳ ಮೇಲೆ ಮೆಲ್ಲಗೆ ಸರಿಯುತ್ತಿತ್ತು. ಎಲ್ಲೋ ಒಂದು ಟ್ರ್ಯಾಕ್ಟರು ಹೋಗುತ್ತಲೇ ಇರುತ್ತಿತ್ತು, ಹೋಗಿ ಮುಗಿಯುತ್ತಲೇ ಇರಲಿಲ್ಲ. ಅಷ್ಟು ಉಸಿರುಗಳು ಏರಿ ಇಳಿಯುವುದನ್ನು ಕೇಳುತ್ತ ಕೂತರೆ ಶಾಲೆಯೇ ನೆಲಬಿಟ್ಟು ಹೊಲಗಳ ಮೇಲೆ ತೇಲುತ್ತಿದೆ ಅನಿಸುತ್ತಿತ್ತು. ಆಮೇಲಿನ ನನ್ನ ಪಿರಿಯಡ್ಡಿನಲ್ಲಿ ಮಕ್ಕಳು ಪ್ರಶ್ನೆ ಕೇಳತೊಡಗಿದರು. ಕೆಲವಕ್ಕೆ ನನಗೇ ಉತ್ತರ ಬರುತ್ತಿರಲಿಲ್ಲ, ಆ ಮಾತು ಬೇರೆ.

ಎಳ್ಳಮವಾಸ್ಯೆ ಕಳೆದು ಮರುದಿನ ಶಾಲೆ ತೆರೆಯಿತು. ಮಕ್ಕಳು ಡಬ್ಬಿಯಲ್ಲಿ ತಂದ ಹಬ್ಬದ ಕಾಳು-ಸೊಪ್ಪಿನ ಭಜ್ಜಿ, ಸಜ್ಜೆ ಕಡುಬು ತಿಂದು ನನ್ನ ಹೊಟ್ಟೆ ಭಾರವಾಗಿತ್ತು. ಆ ದಿನ ಮೇಡಂ ಹುಮನಾಬಾದಿಗೆ ಸಭೆಗೆ ಹೋಗಿದ್ದರು. ಮಲಗಿದವರನ್ನು ಕಾಯುವ ಪಾಳಿ ನನ್ನದು. ಕುರ್ಚಿಯಲ್ಲಿ ಕೂತು ಗಡಿಯಾರ ನೋಡಿದ್ದಷ್ಟೇ ನೆನಪು.

ಕಣ್ಣು ಬಿಟ್ಟಾಗ ಗಂಟೆ ಹೊಡೆಯುವ ಹೊತ್ತು ಮೀರಿತ್ತು. ಗಾಬರಿಯಿಂದ ಎದ್ದೆ. ನೋಡಿದರೆ ಬಾಗಿಲ ಪಕ್ಕ, ಜಮಖಾನದ ಅಂಚಿನಲ್ಲಿ ಧೂಳಪ್ಪ ರುಮಾಲು ತಲೆಗಿಟ್ಟು ಮಲಗಿದ್ದ. ಗಡುವು ಮುಗಿಯಿತೆಂದು ಮಗಳನ್ನು ಕರೆದೊಯ್ಯಲು ಬಂದವನು, ಏಳಲಿ ಎಂದು ಕಾಯುತ್ತ ಕೂತು, ಹಾಗೇ ಒರಗಿಬಿಟ್ಟಿದ್ದ. ಸುಜಾತಾ ಅವನ ಪಕ್ಕದಲ್ಲಿ ಕೂತಿದ್ದಳು. ತೊಡೆಯ ಮೇಲೆ ಗಣಿತದ ಪುಸ್ತಕ, ಕೈಯಲ್ಲಿ ನೊಣ ಓಡಿಸಲು ಓಢಣಿಯ ಚುಂಗು.

ನಾನು ಗಂಟೆಯ ಕಡೆ ಹೊರಟೆ. ಅವಳು ಪಿಸುಗುಟ್ಟಿದಳು: "ಗಂಟಿ ಹೊಡಿಬ್ಯಾಡ್ರಿ ಸರ್. ನಮ್ಮಪ್ಪ ಮಕ್ಕೊಂಡಾನ."

ನಾನು ಗಂಟೆ ಹೊಡೆಯಲಿಲ್ಲ. ಒಬ್ಬೊಬ್ಬರನ್ನೇ ಮುಟ್ಟಿ ಎಬ್ಬಿಸಿದೆ. ಒಂಬತ್ತನೆಯ ತರಗತಿಯವರಿಗೆ ಅಲ್ಲೇ, ಪಿಸುಮಾತಿನಲ್ಲಿ ತ್ರಿಭುಜದ ಪಾಠ ಮಾಡಿದೆ. ಅಷ್ಟು ಚೆನ್ನಾಗಿ ನಾನು ಎಂದೂ ಪಾಠ ಮಾಡಿರಲಿಲ್ಲ.

ಧೂಳಪ್ಪ ಎದ್ದಾಗ ಮಗಳು ಹಲಗೆಯ ಮುಂದೆ ನಿಂತು ಲೆಕ್ಕ ಬಿಡಿಸುತ್ತಿದ್ದಳು. ಅವನು ಮುಖ ಒರೆಸಿಕೊಂಡು ಪೂರಾ ಮುಗಿಯುವವರೆಗೆ ನೋಡಿದ.

"ಇಂಥ ನಿದ್ದಿ ಹತ್ತಿ ಭಾಳ ದಿನ ಆಗಿತ್ರಿ," ಎಂದ, ನನಗೆ. ಆಮೇಲೆ ಮಗಳಿಗೆ: "ನಾಳಿಂದ ಎಮ್ಮಿ ನಾ ಹಿಂಡ್ತೀನಿ. ನೀ ಇನ್ನಷ್ಟು ಮಕ್ಕೋ." ರುಮಾಲು ಸುತ್ತಿಕೊಂಡು ಒಬ್ಬನೇ ಹೊರಟುಹೋದ.

ಸುಜಾತಾ ಈಗ ಹುಮನಾಬಾದಿನಲ್ಲಿ ಕಾಲೇಜು ಓದುತ್ತಾಳೆ. ಮೇಡಂ ನಿವೃತ್ತರಾದರು. ಜಮಖಾನವನ್ನೂ ಮುಖ್ಯೋಪಾಧ್ಯಾಯರ ಕುರ್ಚಿಯನ್ನೂ ನನಗೆ ಬಿಟ್ಟುಹೋದರು. ಈಗ ನಮ್ಮ ಹೊಸ ಮಾಸ್ತರರು ಆ ಅರ್ಧ ತಾಸಿನಲ್ಲಿ ವಿಶೇಷ ತರಗತಿ ಇಡೋಣ ಎನ್ನುತ್ತಿದ್ದಾರೆ. ನಾಳೆ ಶಾಲೆ ಶುರು, ನಾಳೆಯೇ ಸಭೆ. ಹೂಂ ಎಂದುಬಿಡೋಣ ಎಂದು ನಿನ್ನೆ ರಾತ್ರಿಯವರೆಗೂ ಅಂದುಕೊಂಡಿದ್ದೆ.

ಜಮಖಾನದಲ್ಲಿ ಹರಿದದ್ದೆಲ್ಲಿ ಎಂದು ನೋಡಲು ಬಗ್ಗಿದವನು ಹಾಗೇ ಅಡ್ಡಾದೆ. ಹೆಂಡತಿ ಬಂದು, "ಏನ್ರಿ, ಬಿಸಿಲಾಗ ಮಕ್ಕೊಂಡೀರಿ?" ಎಂದು ಎಬ್ಬಿಸಿದಾಗ ಬಿಸಿಲು ಏರಿತ್ತು. ನಾವಿಬ್ಬರೂ ಎರಡು ತುದಿ ಹಿಡಿದು ಅದನ್ನು ಮಡಿಸಿದೆವು. ನಾಳೆ ಇದನ್ನು ಬಸ್ಸಿಗೆ ಹಾಕಬೇಕು. ವಿಶೇಷ ತರಗತಿಗೆ ಸಮಯ ಬೇಕೇ ಬೇಕೆಂದರೆ, ಪ್ರಾರ್ಥನೆಯ ಹೊತ್ತಿನಲ್ಲಿ ನನ್ನ ಐದು ನಿಮಿಷ ಇನ್ನೂ ಉಳಿದಿದೆ. ಅದನ್ನೂ ತೆಗೆದುಕೊಳ್ಳಲಿ.