ಕೊನೆಯ ಬಸ್ಸೂ ವಿದೇಶಿ ಸಿನಿಮಾದ ಮುತ್ತೂ

1994ರಲ್ಲಿ, ಏಳನೆಯ ತರಗತಿಗೆ, ಮುದ್ದೇಬಿಹಾಳದಲ್ಲಿ ನಾನು ಶಾಲೆ ಬಿಟ್ಟೆ. ಅದಕ್ಕೆ ಇವತ್ತಿಗೂ ನಾಚಿಕೆಯಿಲ್ಲ. ಸಿಂದಗಿಯ ಟಾಕೀಸಿನಲ್ಲಿ ರೀಲು ಸುತ್ತುತ್ತ ಕೆಲಸ ಕಲಿತೆ, ಬಸವನ ಬಾಗೇವಾಡಿಯಲ್ಲಿ ಆಪರೇಟರ್ ಆದೆ. ಈಗ ಇಂಡಿ ಪಟ್ಟಣದಲ್ಲಿ ನನ್ನದೇ ಟಾಕೀಸು ನಡೆಸುತ್ತೇನೆ.

ರೀಲಿನ ಕಾಲದಲ್ಲಿ ನಮ್ಮ ಕಡೆ ಒಂದು ರೂಢಿಯಿತ್ತು. ಸಂಜೆಯ ಆಟ ಉದ್ದವಾದರೆ ಹಳ್ಳಿಯವರಿಗೆ ಕೊನೆಯ ಬಸ್ಸು ತಪ್ಪುತ್ತಿತ್ತು. ಮಧ್ಯಂತರದಲ್ಲಿ ಅವರೇ ಬಂದು, "ಒಂದೆರಡು ಹಾಡು ಹಾರಿಸ್ರಿ, ಬಸ್ ಸಿಗ್ತೈತಿ" ಎನ್ನುತ್ತಿದ್ದರು. ಹಾರಿಸುತ್ತಿದ್ದೆವು. ಕತೆಯನ್ನು ಮಾತ್ರ ಮುಟ್ಟುತ್ತಿರಲಿಲ್ಲ.

ಆ ರೂಢಿಯೇ ಹೋದ ವರ್ಷ ನನ್ನ ಮೇಲೆ ತಿರುಗಿಬಿತ್ತು. ಹಿಂದಿಗೆ ಡಬ್ ಆದ ವಿದೇಶಿ ಸಿನಿಮಾ ಹಾಕಿದ್ದೆ, ದೊಡ್ಡವರಿಗೆ ಮಾತ್ರ ಎಂಬ ಸರ್ಟಿಫಿಕೇಟಿನದು. ನಾಯಕ ನಾಯಕಿಯ ಮುಖದ ಹತ್ತಿರ ಬಾಗಿದ. ಮರುಕ್ಷಣ ಇಬ್ಬರೂ ಕಾರಿನಲ್ಲಿದ್ದರು! ಝಳಕಿಯಲ್ಲಿ ಗೊಬ್ಬರದ ಅಂಗಡಿ ಇಟ್ಟಿರುವ, ವಾರವಾರವೂ ಬರುವ ತರುಣನೊಬ್ಬ ಎದ್ದು ನಿಂತ.

"ಕಾಕಾ, ಬಸ್ಸಿಗಿ ಇನ್ನೂ ಹೊತ್ತೈತ್ರಿ! ಈಗ್ಲೇ ಯಾಕ ಕತ್ತರಿ ಹಾಕಿದ್ರಿ? ಮೊಬೈಲ್‌ನ್ಯಾಗ ಪೂರಾ ಮುತ್ತು ನೋಡೇನಿ ನಾ!"

ಸೀಟಿ ಬಿದ್ದವು. "ರೊಕ್ಕ ವಾಪಸ್ ಕೊಡ್ರಿ" ಎಂದು ಹಿಂದಿನ ಸಾಲಿನವರು ಕೂಗಿದರು. ರೊಕ್ಕ ದೊಡ್ಡದಲ್ಲ. ಕಾಕಾ ಸಿನಿಮಾ ಕದಿಯುತ್ತಾನೆ ಎಂಬ ಮಾತು ಬಸ್ಸು ಹತ್ತಿ ಸಿಂದಗಿ, ಬಾಗೇವಾಡಿ ಮುಟ್ಟಿದರೆ, ದುಡಿದು ಗಳಿಸಿದ ಹೆಸರು ಹೋಗುತ್ತಿತ್ತು.

ಆಟ ನಿಲ್ಲಿಸಿ ದೀಪ ಹಾಕಿಸಿದೆ. "ಏ ಗೊಬ್ಬರದ ಸಾವ್ಕಾರ, ಮ್ಯಾಲೆ ಬಾ. ಆ ಮುತ್ತು ಎಲ್ಲೈತಿ ನೀನ ಹುಡುಕು."

ಪ್ರೊಜೆಕ್ಟರ್ ಕೋಣೆಗೆ ಚಪ್ಪಲಿ ಬಿಟ್ಟೇ ಬರಬೇಕು. ಬಿಟ್ಟು ಬಂದ. ಮಷೀನಿನ ಹಿಂದೆ ಮುಂದೆ ಇಣುಕಿದ.

"ರೀಲ್ ಎಲ್ಲೈತ್ರಿ?"

"ಈಗೆಲ್ಲಿ ರೀಲೋ ತಮ್ಮಾ? ಸಿನಿಮಾ ಬೀಗ ಹಾಕ್ಕೊಂಡ ಬಂದು ಈ ಕಂಪ್ಯೂಟರ್ ಡಬ್ಬ್ಯಾಗ ಕೂಡ್ತೈತಿ. ಹಚ್ಚೂದು ಅಷ್ಟ ನನ್ನ ಕೈಯಾಗ. ಕಡಿಯೂದು ಸರಕಾರದ ಸೆನ್ಸಾರಿನವರು ಮೊದಲ ಮುಗಿಸಿರ್ತಾರ."

"ಮತ್ತ ಅಲ್ಲೊಂದು ಕತ್ತರಿ ಐತಲ್ಲ?"

"ಮಷೀನಿಗಿ ದಿನಾ ಹೂವು ಏರಿಸ್ತೇನಿ. ಅದರ ದಾರಕ್ಕ."

ಅವನು ಕತ್ತರಿಗೆ ಅಂಟಿದ್ದ ದಾರದ ಎಳೆ ಹಿಡಿದು ನೋಡಿದ. ಆಮೇಲೆ ಬೆಳಕು ಹೊರಬೀಳುವ ಕಿಂಡಿಗೆ ಮುಖವಿಟ್ಟು ಕೆಳಗಿನವರಿಗೆ ಕೂಗಿದ: "ಕಾಕಾ ಕಡದಿಲ್ರೋ! ಸರಕಾರ ಕಡದೈತಿ!"

ಟಾಕೀಸೆಲ್ಲ ನಕ್ಕಿತು. ಮುಂದಿನ ಸಾಲಿನ ಅಜ್ಜಿಯೊಬ್ಬಳು ತಿರುಗಿ, "ಮುತ್ತು ತಗದು, ಮೊದಲಿನ ಆ ಕುತ್ತಿಗಿ ಕೊಯ್ಯೂದು ಪೂರಾ ಇಟ್ಟಾರಲ್ಲೋ! ಮನ್ಯಾಗ ಯಾವುದು ನಡೀತೈತಿ, ಯಾವುದು ನಡೀಬಾರದು, ಅಷ್ಟೂ ತಿಳೀದಿಲ್ಲೇನು ಅವರಿಗೆ?" ಎಂದಳು.

ನನ್ನದೂ ಅದೇ ಮಾತು. ಮಕ್ಕಳನ್ನು ಬಾಗಿಲಲ್ಲಿ ನಾನೇ ತಡೆಯುತ್ತೇನೆ. ಒಳಗೆ ಕೂತ ದೊಡ್ಡವರಿಗೂ ಕತ್ತರಿ ಹಾಕಿಯೇ ತೋರಿಸುವುದಾದರೆ ದೊಡ್ಡವರೆಂದರೆ ಯಾರು? ನಾವು ಹಾಡು ಹಾರಿಸಿದ್ದು ನೋಡುವವರು ಕೇಳಿದ್ದಕ್ಕೆ. ಈ ಮುತ್ತು ತೆಗೆಯಿರಿ ಎಂದು ಇಂಡಿಯವರು ಯಾರೂ ಕೇಳಿರಲಿಲ್ಲ.

ಅಂದಿನಿಂದ ಕತ್ತರಿ ಬಿದ್ದ ವಿದೇಶಿ ಸಿನಿಮಾ ಬಂದಾಗಲೆಲ್ಲ ಆಟಕ್ಕೆ ಮೊದಲು ಪರದೆಯ ಮುಂದೆ ನಿಂತು ಹೇಳುತ್ತೇನೆ: "ಇದರಾಗ ಕತ್ತರಿ ಬಿದ್ದೈತ್ರಿ, ನಂದಲ್ಲ. ಬ್ಯಾಡಾದವರು ಈಗ ಏಳ್ರಿ, ರೊಕ್ಕ ಕೊಡ್ತೇನಿ."

"ಏಳಂಗಿಲ್ಲ, ಹಚ್ರಿ ಕಾಕಾ!" ಎಂದು ಮೊದಲು ಕೂಗುವವನು ಆ ಗೊಬ್ಬರದಂಗಡಿಯವನೇ.

ಈಗ ನನ್ನ ಬಳಿ ಇರುವುದು ಒಂದು ಟಾಕೀಸು, ಇನ್ನೂರ ನಲವತ್ತು ಕುರ್ಚಿ, ಒಂದು ಪ್ರೊಜೆಕ್ಟರು, ಮೂವರು ಕೆಲಸದವರು, ಹೂವಿನ ದಾರಕ್ಕೆ ಒಂದು ಕತ್ತರಿ.