ವಾರಿಜಕ್ಕನ ಕೋವಿಗೆ ನಾನು ಹಾಕಿದ ಬೋಲ್ಟು

ವಾರಿಜಕ್ಕ, ಆ ಭಾನುವಾರ ಕಲ್ಯಾಣದ ಶಾಲೆಯಲ್ಲಿ ನಿಮ್ಮ ಕೈ ನಡುಗಲಿಲ್ಲ. ತಪ್ಪು ಇದ್ದದ್ದು ಕೋವಿಯಲ್ಲಿ. ಅದನ್ನು ಅಲ್ಲಿ ಇಟ್ಟವನು ನಾನು, ಇಟ್ಟದ್ದು ನನಗೆ ಗೊತ್ತಿತ್ತು — ಗೊತ್ತಿದ್ದೂ ಎಲ್ಲರ ಮುಂದೆ ಸುಳ್ಳು ಹೇಳಿದೆ. ಏಳು ವರ್ಷ ಆಯಿತು. ಎದುರು ಬಂದು ಹೇಳುವ ಮೊದಲು ಬರೆದು ಕಳಿಸುತ್ತಿದ್ದೇನೆ, ಏಕೆಂದರೆ ನಿಮ್ಮ ಮುಖ ನೋಡಿದರೆ ಮತ್ತೆ ಏನಾದರೊಂದು ಹೇಳಿ ನುಣುಚಿಕೊಳ್ಳುತ್ತೇನೆ. ನನ್ನ ಬಾಯಿಯ ಮೇಲೆ ನನಗೇ ನಂಬಿಕೆ ಉಳಿದಿಲ್ಲ.

ನಿಮಗೆ ಗೊತ್ತಿರುವುದನ್ನೂ ಇಲ್ಲಿ ಬರೆಯುತ್ತೇನೆ. ನಿಮ್ಮ ಮಗಳು ಮಾನ್ಸಿಗೆ ಕನ್ನಡ ಅರ್ಥವಾಗುತ್ತದೆ, ಓದಲು ಬರುವುದಿಲ್ಲ. ನೀವು ಇದನ್ನು ಅವಳಿಗೆ ಓದಿ ಹೇಳಬೇಕು, ಅವಳಿಗೆ ಎಲ್ಲೂ ಗೊಂದಲ ಆಗಬಾರದು.

ದಿವಾದ ಚಾಳಿನ ಸಾಲುಮನೆಗಳಲ್ಲಿ ನಮ್ಮೆರಡು ಮನೆಗೆ ನಡುವೆ ಒಂದೇ ಗೋಡೆ ಇದ್ದ ದಿನಗಳಲ್ಲಿ ನೀವು ಕಾಲೇಜಿನ ಶೂಟಿಂಗ್ ತಂಡದಲ್ಲಿದ್ದಿರಿ. ಗಾಳಿಕೋವಿ ಹಿಡಿದು ನಿಂತರೆ ನಿಮ್ಮ ರೆಪ್ಪೆಯೂ ಅಲುಗುತ್ತಿರಲಿಲ್ಲ. ಉಡುಪಿ ಕಡೆಯಿಂದ ಬಂದ ನಮ್ಮ ಮಂದಿಯೆಲ್ಲ ಹೋಟೆಲು, ಕ್ಯಾಂಟೀನು ಎಂದು ಓಡುತ್ತಿದ್ದಾಗ ನಮ್ಮ ಸಾಲಿನಿಂದ ಒಬ್ಬ ಹುಡುಗಿ ಪದಕ ತಂದಳು ಎಂದು ನನ್ನ ಅಮ್ಮ ಪಾಯಸ ಮಾಡಿದ್ದಳು. ನಾನು ನಿಮಗಿಂತ ಐದು ವರ್ಷ ಚಿಕ್ಕವನು. ಆ ಪದಕವನ್ನು ಶಾಲೆಗೆ ಕೊಂಡುಹೋಗಿ ನನ್ನ ಸ್ವಂತ ಅಕ್ಕನದೆಂದು ತೋರಿಸಿದ್ದೆ. ಆಮೇಲೆ ನಿಮ್ಮ ಮದುವೆ, ಮಾನ್ಸಿ. ಆಮೇಲೆ ದಿವಾ ಸ್ಟೇಷನ್ನಿನಲ್ಲಿ ಬೆಳಗಿನ ಲೋಕಲ್ಲಿನಿಂದ ನೂಕುನುಗ್ಗಲಲ್ಲಿ ಬಿದ್ದದ್ದು. ಎಡ ಭುಜಕ್ಕೆ ಪ್ಲೇಟು ಹಾಕಿದರು. ಬಲಗೈ, ಕಣ್ಣು, ಉಸಿರು ಎಲ್ಲ ಮೊದಲಿನಂತೆ — ಆದರೆ ಎಡಗೈಗೆ ಕೋವಿಯ ಭಾರ ಹೊರಲಾಗಲಿಲ್ಲ. ಕೋವಿ ಕಪಾಟಿನ ಮೇಲೆ ಹೋಯಿತು. ಭಾವ ಹಡಗಿನ ಕೆಲಸಕ್ಕೆ ಹೋದಾಗ ನೀವು ಅಷ್ಟರಲ್ಲಿ ಕೋಪರಿಗೆ ಬಂದಿದ್ದ ತವರಲ್ಲೇ ಇರುತ್ತಿದ್ದಿರಿ, ಆಗ ನಿಮ್ಮಷ್ಟು ಸುಮ್ಮನಾದ ಹೆಂಗಸನ್ನು ನಾನು ನೋಡಿರಲಿಲ್ಲ.

ಹಾಗಿದ್ದಾಗ ಕಲ್ಯಾಣದ ಆ ಶಾಲೆಯಲ್ಲಿ ರೈಫಲ್ ಕಲಿಸುವವರು ಬೇಕಾಗಿದ್ದಾರೆ ಎಂಬ ಸುದ್ದಿ ಬಂತು. ಭುಜದ ವಿಷಯ ನೀವೇ ತಿಳಿಸಿದಿರಿ. ಅಡ್ಡಿಯಿಲ್ಲ, ಮೇಜಿನ ಮೇಲೆ ಆಸರೆ ಇಟ್ಟುಕೊಂಡೇ ಹೊಡೆಯಿರಿ, ಆದರೆ ಮಕ್ಕಳ ಎದುರು ಹೊಡೆದು ತೋರಿಸಲು ಬರಬೇಕು, ಹತ್ತರಲ್ಲಿ ಎಂಟು ಗುಂಡು ಕಪ್ಪು ಚುಕ್ಕೆಯೊಳಗೆ ಬೀಳಬೇಕು ಎಂದರು. ನಿಮ್ಮ ದನಿಯಲ್ಲಿ ಹಳೆಯ ಹುರುಪು ಬಂದದ್ದು ಆ ದಿನ. ಫೋನು ಮಾಡಿ, "ದಯಾ, ನನ್ನ ಕೋವಿಗೆ ಎರಡು ಕಾಲು ಹಾಕಿ ಕೊಡ್ತೀಯಾ ಮಾರಾಯ?" ಎಂದಿರಿ.

ಎರಡು ಕಾಲು ಎಂದರೆ ಬೈಪಾಡ್. ಕೋವಿಯ ಮೂತಿಯ ಕಡೆ ಮರಕ್ಕೆ ಸಿಕ್ಕಿಸುವ ಮಡಚುವ ಕಾಲುಗಳು. ಈಗಿನ ಕೋವಿಗಳಿಗೆ ಅದನ್ನು ಸಿಕ್ಕಿಸಲು ಪಟ್ಟಿ ಇಟ್ಟೇ ಮಾಡಿರುತ್ತಾರೆ. ನಿಮ್ಮದು ಹಳೆಯ ಕಾಲದ ಮರದ ಮೈ. ಅಕ್ರೋಟು ಮರ, ಒಂದು ತೂತೂ ಇಲ್ಲ. ಮರ ಕೊರೆದು, ಕೆಳಗಿನಿಂದ ಬೋಲ್ಟು ತೂರಿಸಿ, ನಳಿಗೆ ಕೂರುವ ಕಾಲುವೆಯಲ್ಲಿ ನಟ್ಟು ಕೂರಿಸಬೇಕು. ನಟ್ಟಿನಿಂದ ಮೇಲೆ ಬೋಲ್ಟಿನ ತುದಿ ಒಂದಿಷ್ಟೂ ಕಾಣಬಾರದು, ನಳಿಗೆಗೆ ಏನೂ ತಾಗಬಾರದು. ಮಹಾಪೆಯ ಕಾರ್ಖಾನೆಯಲ್ಲಿ ಕೂದಲೆಳೆಯ ಲೆಕ್ಕದಲ್ಲಿ ಕೆಲಸ ಮಾಡುವವನಿಗೆ ಇದೇನು ಮಹಾ? "ಅಕ್ಕ, ಇದು ನನಗೆ ಎಡಗೈ ಕೆಲಸ" ಎಂದು ಜಂಬ ಕೊಚ್ಚಿದ್ದೆ. ನಿಮ್ಮ ಎಡಗೈ ನೆನಪಾಗಿ ನಾಲಿಗೆ ಕಚ್ಚಿಕೊಂಡೆ, ನೀವು ನಕ್ಕಿರಿ.

ಹದಿನೈದು ದಿನ ಮೊದಲೇ ಕೋವಿ ಕೊಟ್ಟಿದ್ದಿರಿ. ನಾನು ಅದನ್ನು ಲಾಕರಿನಲ್ಲಿ ಇಟ್ಟು ನಾಳೆ ನಾಳೆ ಎಂದೆ. ಕೊನೆಗೆ ನಿಮ್ಮದೇ ಫೋನು — "ಆಯುಧಪೂಜೆಗಾದ್ರೂ ಸಿಗ್ತದಾ? ಅಮ್ಮ ಅದಕ್ಕೆ ಕುಂಕುಮ ಇಡ್ಬೇಕು ಅಂತ ಕೂತಿದ್ದಾರೆ." ಇಂದು ಸಂಜೆ ಕೋಪರಿಗೆ ತಂದೇ ಕೊಡುತ್ತೇನೆ ಎಂದೆ. ಅದು ಪೂಜೆಯ ಹಿಂದಿನ ದಿನ, ಬುಧವಾರ.

ಕಾರ್ಖಾನೆಯ ಪದ್ಧತಿ ಗೊತ್ತಲ್ಲ. ಹಿಂದಿನ ದಿನ ಮಧ್ಯಾಹ್ನದ ಹೊತ್ತಿಗೆ ಯಂತ್ರಗಳನ್ನೆಲ್ಲ ನಿಲ್ಲಿಸಿ, ಎಣ್ಣೆ ಜಿಡ್ಡು ಒರೆಸಿ, ಅರಿಶಿನ ಕುಂಕುಮ ಹಚ್ಚಿ, ಚೆಂಡು ಹೂವಿನ ಹಾರ ಹಾಕುತ್ತೇವೆ. ಅರ, ಸುತ್ತಿಗೆ, ಗರಗಸಗಳೆಲ್ಲ ತೊಳೆದು ಪೂಜೆಯ ಮೇಜಿಗೆ ಹೋಗುತ್ತವೆ. ಆಮೇಲೆ ದಸರಾ ಮುಗಿಯುವ ತನಕ ಯಾರೂ ಮುಟ್ಟುವಂತಿಲ್ಲ. ನಾನು ಬೆಳಿಗ್ಗೆ ತೂತು ಕೊರೆದೆ. ಚೆನ್ನಾಗಿಯೇ ಕೊರೆದೆ, ಅದರಲ್ಲಿ ಮೋಸವಿಲ್ಲ. ಬೋಲ್ಟು ಬಿಗಿದು ನೋಡಿದರೆ ನಟ್ಟಿನ ಮೇಲೆ ಮೂರು ಸುತ್ತು ಹೆಚ್ಚಾಗಿ ನಿಂತಿತ್ತು. ಗ್ರೈಂಡರಿನಲ್ಲಿ ಅರ್ಧ ನಿಮಿಷದ ಕೆಲಸ. ಗ್ರೈಂಡರಿನ ಹತ್ತಿರ ಹೋದೆ — ಅದರ ಕೊರಳಿಗೆ ಹಾರ ಬಿದ್ದಾಗಿತ್ತು. ನಮ್ಮ ಮೇಸ್ತ್ರಿ ಪಾಟೀಲರು ಕುಂಕುಮದ ಬಟ್ಟಲು ಹಿಡಿದು ನಿಂತಿದ್ದರು. "ಆತಾ ನಾಹೀ ದಯಾ. ದಸರ್‍ಯಾನಂತರ್" ಎಂದರು. ಇನ್ನೇನಿದ್ದರೂ ದಸರಾ ಕಳೆದ ಮೇಲೆ.

ಕೋವಿ ಜೋಡಿಸಿ, ನಳಿಗೆಯ ಕೆಳಗೆ ಒಂದು ಕಾಗದದ ಚೂರು ತೂರಿಸಿ ಎಳೆದೆ. ತಾಗುತ್ತದೋ ಇಲ್ಲವೋ ನೋಡುವ ರೀತಿ ಅದು. ಕಾಗದ ಬೋಲ್ಟಿನ ಬಳಿ ಸಿಕ್ಕಿಕೊಂಡಿತು. ಇನ್ನೂ ಎಳೆದೆ, ಹರಿಯಿತು. ವಾರಿಜಕ್ಕ, ನನಗೆ ಆಗಲೇ ಗೊತ್ತಿತ್ತು. ಸುಮ್ಮನೆ ಇಟ್ಟರೆ ತೊಂದರೆ ಇಲ್ಲ. ಬೈಪಾಡಿನ ಮೇಲೆ ಮೈಭಾರ ಹಾಕಿದರೆ ಮರ ಸ್ವಲ್ಪ ಬಾಗುತ್ತದೆ, ಬೋಲ್ಟು ನಳಿಗೆಯನ್ನು ಮೇಲಕ್ಕೆ ನೂಕುತ್ತದೆ, ಗುಂಡು ಮೇಲೆ ಹೋಗುತ್ತದೆ. "ಎರಡು ದಿನ ತಡ ಆಗ್ತದೆ ಅಕ್ಕ" ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಹದಿನೈದು ದಿನ ಏನು ಮಾಡುತ್ತಿದ್ದೆ ಎಂದು ನೀವು ಕೇಳಿದರೆ — ಅಷ್ಟಕ್ಕೇ ಹೆದರಿದೆ. ಘಣಸೋಲಿಯಲ್ಲಿ ಟ್ರೇನು ಹಿಡಿದು ಕೋಪರಿಗೆ ಬಂದು, "ತಗೊಳ್ಳಿ, ಫಸ್ಟ್ ಕ್ಲಾಸ್" ಎಂದು ನಿಮ್ಮ ಕೈಗೆ ಕೊಟ್ಟೆ.

ದಸರಾ ಕಳೆದ ಕೂಡಲೇ ಬಂದು ಬಿಚ್ಚಿ ಸರಿ ಮಾಡುತ್ತೇನೆ ಎಂದು ನನಗೆ ನಾನೇ ಹೇಳಿಕೊಂಡೆ. ಶುಕ್ರವಾರ ದಸರಾ, ಡೊಂಬಿವಲಿಯ ನಮ್ಮ ಸೊಸೈಟಿಯಲ್ಲಿ ಬನ್ನಿಯ ಹಾಗೆ ಇಲ್ಲಿ ಕೊಡುವ ಆಪಟಾ ಎಲೆ ಹಂಚಿ "ಬಂಗಾರ ತಗೊಳ್ಳಿ" ಎಂದು ಮನೆಮನೆ ತಿರುಗಿದೆ. ಶನಿವಾರ ಮಲಗಿದೆ. ಹೌದು, ಮಲಗಿದೆ, ಬೇರೆ ಯಾವ ಕಾರಣವೂ ಇಲ್ಲ. ನಿಮ್ಮ ಹಳೆಯ ಶೂಟಿಂಗ್ ಕ್ಲಬ್ಬು ಹಬ್ಬಕ್ಕೆ ಮುಚ್ಚಿತ್ತು. ಆ ಬೈಪಾಡಿನ ಮೇಲೆ ನಿಮ್ಮ ಮೊದಲ ಗುಂಡು ಹಾರಿದ್ದೇ ಭಾನುವಾರ, ಕಲ್ಯಾಣದಲ್ಲಿ.

ಶಾಲೆಯ ತಗಡಿನ ಶೆಡ್ಡು. ಗೋಡೆಗೆ ಒರಗಿ ನಿಮ್ಮ ಅಪ್ಪ, ಪಕ್ಕದಲ್ಲಿ ನಾನು. ಪ್ರಿನ್ಸಿಪಾಲ್ ಮೇಡಂ, ಇಬ್ಬರು ಮಾಸ್ತರರು, ಕಿಟಕಿಯ ಸರಳಿಗೆ ಅಂಟಿಕೊಂಡ ಹತ್ತಿಪ್ಪತ್ತು ಮಕ್ಕಳು. ಮೊದಲೆರಡು ಗುಂಡನ್ನು ನೀವು ಹಗುರವಾಗಿ ಕೂತು ಹೊಡೆದಿರಿ. ಎರಡೂ ಚುಕ್ಕೆಯ ನಡುವೆ. ಮಕ್ಕಳು ಕೂಗಿದರು. ನನ್ನ ಎದೆಯೂ ಹಗುರಾಯಿತು — ಪಾರಾದೆ ಎಂದುಕೊಂಡೆ. ನೀವು ಪಾರಾದಿರಿ ಎಂದಲ್ಲ, ನಾನು. ಮೂರನೆಯದಕ್ಕೆ ಸರಿಯಾದ ರೀತಿಯಲ್ಲಿ ಮುಂದಕ್ಕೆ ಒರಗಿ ಭಾರ ಕೊಟ್ಟಿರಿ. ಗುಂಡು ಚುಕ್ಕೆಯ ಮೇಲೆ ಬಿಳಿಯಲ್ಲಿ ಬಿತ್ತು. ನಾಲ್ಕನೆಯದು ಇನ್ನೂ ಮೇಲೆ. ಐದು. ಅದೂ ಬಿಳಿಯಲ್ಲೇ.

ನೀವು ತಿರುಗಿ ನನ್ನನ್ನೇ ನೋಡಿದಿರಿ. "ದಯಾ, ಕೋವಿಗೆ ಎಂತಾದ್ರೂ ಆಗಿದ್ಯಾ, ಒಮ್ಮೆ ನೋಡ್ತೀಯಾ?"

ನಿಮಗೆ ಅನುಮಾನ ಬಂದಿತ್ತು. ಸರಿಯಾದ ಮನುಷ್ಯನನ್ನೇ ಕೇಳಿದಿರಿ. ಹತ್ತು ನಿಮಿಷ ಕೊಡಿ, ನನ್ನಿಂದ ತಪ್ಪಾಗಿದೆ ಎಂದಿದ್ದರೆ ಆ ಮೇಡಂ ಕೊಡುತ್ತಿದ್ದರು. ಕೆಟ್ಟ ಹೆಂಗಸಲ್ಲ ಅವರು. ಎಲ್ಲರೂ ನನ್ನತ್ತ ತಿರುಗಿದರು. ಒಳ್ಳೆಯ ಕೆಲಸಗಾರ ಎಂಬ ನನ್ನ ಹೆಸರು — ಅದೊಂದೇ ಕಣ್ಣೆದುರು ಬಂತು.

"ಕೋವಿಗೆ ಎಂತದೂ ಆಗಿಲ್ಲ ಅಕ್ಕ. ನಿಮ್ಮ ಕೈ ನಡುಗ್ತಾ ಉಂಟು."

ಅಷ್ಟೇ. ಮಿಕ್ಕ ಐದು ಗುಂಡುಗಳನ್ನೂ ನೀವು ಹೊಡೆದಿರಿ, ಒಂದೂ ಒಳಗೆ ಬೀಳಲಿಲ್ಲ. ಈಗ ನಿಜವಾಗಿಯೂ ನಡುಗುತ್ತಿದೆಯೋ ಎಂದು ಪ್ರತಿ ಗುಂಡಿಗೂ ಮೊದಲು ನಿಮ್ಮ ಬಲಗೈಯನ್ನು ನೀವೇ ನೋಡಿಕೊಳ್ಳುತ್ತಿದ್ದಿರಿ. ಅದನ್ನು ನಾನು ನೋಡುತ್ತಾ ನಿಂತಿದ್ದೆ. ನಿಮ್ಮ ಅಪ್ಪ ಹತ್ತಿರ ಬಂದು, "ಸಾಕು ಮಗಾ, ಮನೆಗೆ ಹೋಗುವ" ಎಂದರು.

ಇಷ್ಟಕ್ಕೇ ನಿಲ್ಲಲಿಲ್ಲ ನಾನು. ಒಮ್ಮೆ ಪರೀಕ್ಷೆ ಮಾಡಿ ಕೊಡುತ್ತೇನೆಂದು ಕೋವಿಯನ್ನು ಕಾರ್ಖಾನೆಗೆ ಒಯ್ದೆ. ಬಿಚ್ಚಿದರೆ ನಳಿಗೆಯ ಕಪ್ಪು ಬಣ್ಣ ಒಂದು ಕಡೆ ಸವೆದು ಬೆಳ್ಳಗೆ ಹೊಳೆಯುತ್ತಿತ್ತು. ಬೋಲ್ಟಿನ ತುದಿ ಉಜ್ಜಿ ತೆಗೆದೆ, ಆ ಗುರುತಿಗೆ ಬಣ್ಣ ಹಚ್ಚಿದೆ. ಯಾರು ಬಿಚ್ಚಿ ನೋಡಿದರೂ ಗೊತ್ತಾಗಬಾರದು, ಹಾಗೆ ಹಚ್ಚಿದೆ. ಅವತ್ತು ಮಾಡಿದಷ್ಟು ಅಚ್ಚುಕಟ್ಟಾದ ಕೆಲಸ ನಾನು ಜೀವಮಾನದಲ್ಲಿ ಮಾಡಿಲ್ಲ, ಹೇಳಲು ನಾಚಿಕೆಯಾಗುತ್ತದೆ.

ಮುಂದಿನ ವಾರ ಕ್ಲಬ್ಬಿನಲ್ಲಿ ನೀವು ಅದೇ ಕೋವಿಯಿಂದ ಹತ್ತು ಗುಂಡು ಹೊಡೆದಿರಿ. ಹತ್ತೂ ಒಳಗೆ. ನಾನು ಸಂತೋಷಪಡುವವನ ಹಾಗೆ ಚಪ್ಪಾಳೆ ತಟ್ಟಿದೆ. ನೀವು ಕೋವಿ ಕೆಳಗಿಟ್ಟು, "ನೋಡು, ಯಾರೂ ಇಲ್ಲದಾಗ ಸರಿ ಬೀಳ್ತದೆ. ಹಾಗಾದ್ರೆ ನೀನು ಹೇಳಿದ್ದೇ ನಿಜ. ಜನ ಇದ್ರೆ ನನ್ನ ಕೈ ನಿಲ್ಲುದಿಲ್ಲ" ಎಂದಿರಿ. ಆಗಲೂ ನಾನು ಬಾಯಿ ಬಿಡಲಿಲ್ಲ. ಆ ಕೋವಿಯನ್ನು ನೀವು ಮತ್ತೆ ಮುಟ್ಟಲೂ ಇಲ್ಲ.

ಈಗ ನೀವು ಮಾವನ ಹೋಟೆಲಿನ ಪಾರ್ಸೆಲ್ ಕೌಂಟರಿನಲ್ಲಿ ನಿಂತಿರುತ್ತೀರಿ. ಠಾಣೆ ಪೇಟೆಗೆ ಬಂದಾಗೆಲ್ಲ ಅಲ್ಲಿಗೆ ಬರುತ್ತೇನೆ. ಬರದಿದ್ದರೆ ಯಾಕೆ ಬರಲಿಲ್ಲ ಎಂದು ನೀವೇ ಫೋನು ಮಾಡುತ್ತೀರಿ. ಕಾಫಿ ಕೊಟ್ಟು, ಪಕ್ಕದವರಿಗೆ "ಇವ ನಮ್ಮ ದಯಾ, ಭಾರೀ ಕೆಲಸಗಾರ" ಎಂದು ಪರಿಚಯ ಮಾಡಿಸುತ್ತೀರಿ. ಆ ಕಾಫಿಯನ್ನು ಏಳು ವರ್ಷ ಕುಡಿದಿದ್ದೇನೆ.

ಇನ್ನೂ ಕುಡಿಯುತ್ತಿದ್ದೆನೇನೋ. ಆದರೆ ಹೋದ ತಿಂಗಳು ಮಾನ್ಸಿ ಅಲ್ಲೇ ಕೂತು ಹೋಂವರ್ಕ್ ಮಾಡುತ್ತಿದ್ದಳು. ಶಾಲೆಯ ರೈಫಲ್ ತಂಡಕ್ಕೆ ಅವಳನ್ನು ಕರೆದಿದ್ದಾರೆ, ನೀವು ಬೇಡ ಎಂದಿದ್ದೀರಿ ಎಂದು ಹೇಳಿದಳು. ಯಾಕೆ ಎಂದು ಕೇಳಿದೆ. ತಲೆ ಎತ್ತದೆ ಹೇಳಿದಳು: "ಅಂಕಲ್, ಮಮ್ಮಿ ಬೋಲ್ತೀ ಹೈ, ಸಬ್‌ಕೇ ಸಾಮ್ನೇ ಮೇರಾ ಭೀ ಹಾಥ್ ಕಾಂಪೇಗಾ. ಹಮಾರೇ ಖೂನ್ ಮೇಂ ಹೈ." ಎಲ್ಲರ ಮುಂದೆ ತನ್ನ ಕೈಯೂ ನಡುಗುತ್ತದಂತೆ, ಅದು ರಕ್ತದಲ್ಲೇ ಇದೆಯಂತೆ. ಹದಿಮೂರು ವರ್ಷದ ಮಗು ತನ್ನ ಕೈಯನ್ನು ಮುಂದೆ ಚಾಚಿ, ನಡುಗುತ್ತದೋ ಎಂದು ನನಗೆ ತೋರಿಸಿದಳು. ನಾನು ಕಾಫಿ ಅಲ್ಲೇ ಬಿಟ್ಟು ಎದ್ದು ಬಂದೆ.

ವಾರಿಜಕ್ಕ, ಕ್ಷಮಿಸಿ ಎಂದು ಕೇಳುತ್ತಿಲ್ಲ. ಕೇಳಿದರೆ ಕೊಟ್ಟುಬಿಡುವ ಸ್ವಭಾವ ನಿಮ್ಮದು, ಅದು ನನಗೆ ಗೊತ್ತು, ಅದಕ್ಕೇ ಕೇಳಬಾರದು. ಮೊನ್ನೆ ಕಲ್ಯಾಣದ ಶಾಲೆಗೆ ಹೋಗಿದ್ದೆ. ಮೇಡಂ ನಿವೃತ್ತರಾಗಿದ್ದಾರೆ, ಈಗಿನವರಿಗೆ ಎಲ್ಲ ಹೇಳಿ, ಬರೆದು ಸಹಿ ಮಾಡಿ ಕೊಟ್ಟೆ. ಆ ಹುದ್ದೆಗೆ ಬೇರೆಯವರು ಬಂದು ಎಷ್ಟೋ ಕಾಲವಾಗಿದೆ, ಇದನ್ನು ಇಟ್ಟುಕೊಂಡು ನಾವೇನು ಮಾಡೋಣ ಎಂದರು. ಆದರೂ ಅವರ ಮೇಜಿನ ಮೇಲೆ ಇಟ್ಟು ಬಂದೆ.

ಈ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಕೋಪರಿಗೆ ಬರುತ್ತೇನೆ. ನಿಮ್ಮ ಅಪ್ಪ, ಅಮ್ಮ, ಮಾನ್ಸಿ ಎಲ್ಲರೂ ಮನೆಯಲ್ಲಿರಲಿ. ನೀವು ಬಾಗಿಲು ತೆರೆಯದಿದ್ದರೆ ಹೊರಗೆ ವರಾಂಡದಲ್ಲಿ ನಿಲ್ಲುತ್ತೇನೆ. ಆ ಸುಳ್ಳನ್ನು ಇಪ್ಪತ್ತು ಇಪ್ಪತ್ತೈದು ಜನರಿಗೆ ಕೇಳುವ ಹಾಗೆ ಹೇಳಿದವನು ನಾನು. ನಿಜವನ್ನೂ ಮಹಡಿಯ ಅಷ್ಟೂ ಮನೆಗಳಿಗೆ ಕೇಳುವಷ್ಟು ಗಟ್ಟಿಯಾಗಿ, ನೆರೆಮನೆಯವರಿಗೂ ತಿಳಿಯಲೆಂದು ಹಿಂದಿಯಲ್ಲೂ ಒಮ್ಮೆ ಹೇಳುತ್ತೇನೆ. ಹೇಳಿ ಮುಗಿಸಿ ಮೆಟ್ಟಿಲಿಳಿದು ಹೋಗುತ್ತೇನೆ. ಕರೆಯಬೇಡಿ.